ದೊಡ್ಡ ಡಾಕ್ಟರ ಸಹಿ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಪುಟ್ಟಿ,

ನಮ್ಮ ಆಸ್ಪತ್ರೆ ಬಿಟ್ಟು ಹೋಗಿ ನೀನು ತೆರೆದ ಹೊಸ ಪಶು ಆಸ್ಪತ್ರೆ ಚೆನ್ನಾಗಿ ನಡೆಯುತ್ತಿದೆಯೆಂದು ತಿಳಿದು ಸಂತೋಷ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಜಾರಾಗಬೇಡ. ಬರೆಯಲು ಕೂತಾಗಲೆಲ್ಲ ಕೋಪ ನೆತ್ತಿಗೇರುತ್ತಿತ್ತು.

ಹೋದ ತಿಂಗಳು ಸಂಗೀತದ ಮೇಷ್ಟ್ರು ತಮ್ಮ ಹತ್ತು ತಿಂಗಳ ನಾಯಿಯನ್ನು ಎತ್ತಿಕೊಂಡು ಬಂದರು. ಮೆಟ್ಟಿಲು ಹತ್ತುತ್ತಾ ಕುಸಿದು ಸತ್ತಿತ್ತು. ಕೊಯ್ದು ನೋಡಿದೆ. ಹೃದಯದಿಂದ ರಕ್ತ ಹೊರಡುವ ದಾರಿಯಲ್ಲಿ, ಕವಾಟದ ಕೆಳಗೆ, ಗಟ್ಟಿ ಬಳೆಯಂಥ ಮಾಂಸ. ಪೆನ್ಸಿಲ್ ತುದಿ ತೂರುವಷ್ಟೇ ಜಾಗ. ಹುಟ್ಟಿನಿಂದ ಬಂದದ್ದು, ವಂಶದಲ್ಲಿ ಇಳಿಯುವಂಥದ್ದು. ಮರಿ ಮಾಡಿಸುವ ಮುಂಚೆ ಅದರ ತಂದೆ ನಾಯಿಗೆ 'ಹೃದಯದಲ್ಲಿ ದೋಷವಿಲ್ಲ' ಅಂತ ಸರ್ಟಿಫಿಕೇಟ್ ಬರೆದವನು ನಾನೇ.

ಆ ತಂದೆ ನಾಯಿಯನ್ನು ಮತ್ತೆ ಕರೆಸಿ, ತೇಕದಂತೆ ಬಾಯಿ ಮುಚ್ಚಿ ಹಿಡಿಸಿ, ಸ್ಟೆತಸ್ಕೋಪ್ ಇಟ್ಟೆ. ಲಬ್ ಡಬ್, ಲಬ್ ಡಬ್. ಬೇರೇನೂ ಇಲ್ಲ. ನಮ್ಮ ಕಾಂಪೌಂಡರಮ್ಮನ ಕೈಗೆ ಕೊಟ್ಟೆ. ಅವಳು ಕೇಳಿ ತಲೆ ತಗ್ಗಿಸಿದಳು.

"ಮಧ್ಯೆ ಬುಸ್ ಅಂತಿದೆಯಲ್ಲ ಸಾರ್. ನಿಮಗೆ ಕೇಳಲ್ವಾ?"

ಗದರಿದ ಮೇಲೆ ಬಾಯಿಬಿಟ್ಟಳು. "ಮರಿ ಮಾರೋರು ಯಾರು ಬಂದ್ರೂ ಮೊದಲು ಚಿಕ್ಕ ಡಾಕ್ಟರೇ ಕೇಳಿ ನೋಡ್ತಿದ್ರು ಸಾರ್. ಈ ಬುಸ್ ಸದ್ದು ಇದ್ರೆ ಮಾತ್ರ, ದೊಡ್ಡ ಡಾಕ್ಟರ ಹತ್ರ ಬರೆಸ್ಕೊಳ್ಳಿ ಅಂತಿದ್ರು."

ಮೂವತ್ತೆಂಟು ವರ್ಷದ ಅನುಭವ ಅಂತ ಜನ ನನ್ನನ್ನೇ ಹುಡುಕಿ ಬರುತ್ತಾರೆ ಎಂದುಕೊಂಡಿದ್ದೆ. ಅಮ್ಮನ ಮುಂದೆ ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಗಿರಾಕಿ ತಪ್ಪಬಾರದು, ಸುಳ್ಳಿಗೆ ನಿನ್ನ ಸಹಿಯೂ ಬೀಳಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಲ್ಲವೇನಮ್ಮಾ? ನನ್ನ ಕಿವಿ ಮಂದವಾಗಿದ್ದು ನನಗಿಂತ ಮೊದಲು ನಿನಗೆ ಹೇಗೆ ತಿಳಿಯಿತು ಅಂತ ಅವತ್ತಿಡೀ ಯೋಚಿಸಿದೆ. ನಿನ್ನನ್ನು ನಂಬಿ ಕೆಟ್ಟೆ.

ಹೀಗೆ ನಾನು ಸರ್ಟಿಫಿಕೇಟ್ ಕೊಟ್ಟ ಹದಿನಾರು ನಾಯಿಗಳ ಮಾಲೀಕರಿಗೂ ಬರೆದಿದ್ದೇನೆ: ನನಗೆ ಸರಿಯಾಗಿ ಕೇಳಿಸುವುದಿಲ್ಲ, ಬೇರೆಯವರಿಗೆ ತೋರಿಸಿ, ಅಲ್ಲಿಯವರೆಗೆ ಮರಿ ಮಾಡಿಸಬೇಡಿ. ನಿನ್ನ ಹೆಸರು ಬರೆದಿಲ್ಲ. ಅದನ್ನು ನೀನೇ ಹೇಳಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟಾದರೂ ಮಗಳು, ಒಳ್ಳೆಯದಾಗಲಿ ಅನ್ನದೆ ಕಾಗದ ಮುಗಿಸಲಾರೆ.

ನಿನ್ನ ಅಪ್ಪ

ಇನ್ನೊಂದು: ನಿನ್ನೆ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಹಳೇ ಫೈಲ್ ತೆಗೆದು, "ಸಣ್ಣ ಸದ್ದು ಕೇಳಿಸಲ್ಲ, ಮಿಷನ್ ಹಾಕಿಸಿ ಅಂತ ಎರಡು ವರ್ಷದ ಹಿಂದೇನೇ ನಿಮ್ಮ ಮಗಳಿಗೆ ಹೇಳಿದ್ನಲ್ಲ," ಎಂದರು. ಕಿವಿಯ ಗುಗ್ಗೆ ತೆಗೆಸೋಣ ಅಂತ ನೀನು ನನ್ನನ್ನು ಕರೆದುಕೊಂಡು ಹೋಗಿದ್ದ ದಿನ ಅದು. ನನ್ನನ್ನು ಹೊರಗೆ ಕೂರಿಸಿ, ಡಾಕ್ಟರ ಜೊತೆ ಮಾತಾಡಿ ಬಂದವಳು, "ಅಪ್ಪಾ, ನಿನ್ನ ಕಿವಿ ಇನ್ನೂ ಹುಡುಗರ ಕಿವಿ ಇದ್ದ ಹಾಗಿದೆಯಂತೆ," ಅಂದೆ. ನಾನು ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಬಂದೆ. ನೀನು ನಗುತ್ತಾ ಜೊತೆಗೆ ನಡೆದೆ.