ಆ ಮುದುಕಿ ಬಾಗಿಲು ತೆಗೆದಳೇ? ಬೀರುವಿಗೆ ಬೀಗ ಜಡಿದವರಿಗೆ ಒಂದು ಪ್ರಶ್ನೆ

ಬೀಗದ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುವ ಗ್ರಂಥಾಲಯಾಧಿಕಾರಿಗಳೇ,

ನಮ್ಮ ಕತೆ ಇನ್ನೂರ ಹನ್ನೆರಡನೇ ಪುಟದಲ್ಲಿ ನಿಂತು ಇಂದಿಗೆ ಹದಿನೆಂಟು ದಿನ. ನಿಲ್ಲಿಸಿದವರು ನೀವು. ಅರವತ್ತು ಚಿಲ್ಲರೆ ಪುಸ್ತಕ ಬರೆದಿರುವ ಆ ಅಮೆರಿಕದ ಲೇಖಕಿಯ ಹನ್ನೊಂದು ಕಾದಂಬರಿಗಳನ್ನು ಯಾರೋ ಪುಣ್ಯಾತ್ಮರು ನಿಮ್ಮ ಗ್ರಂಥಾಲಯಕ್ಕೆ ದಾನ ಕೊಟ್ಟಿದ್ದರು. ಅವುಗಳಲ್ಲಿ ಕೊಲೆ, ಕ್ರೌರ್ಯ, ಮನೆಯೊಳಗಿನ ಹಿಂಸೆ ತುಂಬಿವೆ, "ವಿಶೇಷವಾಗಿ ಮಹಿಳಾ ಓದುಗರ ಮನಸ್ಸನ್ನು ಕದಡುತ್ತವೆ" ಎಂದು ಚೀಟಿ ಅಂಟಿಸಿ, ನನ್ನ ಹತ್ತಿರವಿದ್ದ ಒಂದನ್ನು ಬಿಟ್ಟು ಹತ್ತನ್ನೂ ಬೀರುವಿಗೆ ತುಂಬಿ ಬೀಗ ಹಾಕಿದಿರಿ. ನನ್ನ ತಪ್ಪೂ ಇದೆ, ಒಪ್ಪುತ್ತೇನೆ. ಹದಿನಾಲ್ಕನೇ ದಿನಕ್ಕೆ ಸರಿಯಾಗಿ, ಇನ್ನೆರಡು ವಾರ ಬರೆಸಿಕೊಳ್ಳೋಣವೆಂದು ಪುಸ್ತಕ ಹಿಡಿದು ಬಂದೆ. ಮಧುಗಿರಿಯಲ್ಲಿ ಹೀಗೆ ದಿನ ಎಣಿಸಿ ಪುಸ್ತಕ ತರುವವಳು ನೀನೊಬ್ಬಳೇ ಎಂದು ನಿಮ್ಮ ಅಟೆಂಡರ್ ರುದ್ರಮುನಿಯವರು ನಕ್ಕು, ಅದನ್ನೂ ಒಳಗಿಟ್ಟರು. ಎಲ್ಲರ ಹಾಗೆ ಮನೆಯಲ್ಲೇ ಇಟ್ಟುಕೊಂಡಿದ್ದರೆ ಕತೆ ಯಾವತ್ತೋ ಮುಗಿದಿರುತ್ತಿತ್ತು.

ನಾನು ಶಿರಾದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳು, ಬ್ಲೌಸ್ ಹೊಲಿಯುವವಳು. ಬಿ.ಎ.ನಲ್ಲಿ ಕಲಿತ ಇಂಗ್ಲಿಷ್ ಉಪಯೋಗಕ್ಕೆ ಬರುವುದು ಶುಕ್ರವಾರ ಮಧ್ಯಾಹ್ನ ಮಾತ್ರ. ಆಗ ಮಿಷನ್ ನಿಲ್ಲಿಸಿ ಕೈಹೊಲಿಗೆ ಹಾಕುತ್ತಾ, ಆ ವಾರ ಓದಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. ಕೇಳುವವರು ಇಬ್ಬರು. ಒಬ್ಬರು ನಮ್ಮ ಅತ್ತೆ ಕರೀಮುನ್ನೀಸಾ. ಇನ್ನೊಬ್ಬರು ಬಡವನಹಳ್ಳಿ ಕಡೆಯ ಹಟ್ಟಿಯೊಂದರ ಕೊಲ್ಲಾಪುರಮ್ಮ, ಕುರಿ ಮೇಯಿಸಿಕೊಂಡು ಬದುಕಿದವರು. ಅವರ ಸೊಸೆ ಚಿತ್ರಾ ನಮಗೆ ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತಾಳೆ. ಸೀರೆ ಕೊಟ್ಟು ಒಯ್ಯಲು ಬರುವ ಅಜ್ಜಿ, ಕತೆಗಾಗಿ ಎರಡು ಬಸ್ಸು ಬಿಟ್ಟು ಕೂರುತ್ತಾರೆ.

ಮನಸ್ಸು ಕದಡುತ್ತದೆ ಅಂದಿರಲ್ಲ? ಧಾರಾವಾಹಿಯಲ್ಲಿ ಸೊಸೆಯ ಪಾಯಸಕ್ಕೆ ವಿಷ ಹಾಕುವುದನ್ನು ನಮ್ಮ ಅತ್ತೆ ನಾಲ್ಕು ವರ್ಷದಿಂದ ನೋಡುತ್ತಿದ್ದಾರೆ. ನಾನಿನ್ನೂ ಗುಂಡುಕಲ್ಲಿನ ಹಾಗಿದ್ದೇನೆ. ನಿಮ್ಮದೇ ಮೇಜಿನ ಮೇಲೆ ದಿನಾ ಬೆಳಿಗ್ಗೆ ಕೊಚ್ಚಿದವರ, ಕೊಚ್ಚಿಸಿಕೊಂಡವರ ಸುದ್ದಿ ಬಣ್ಣದ ಫೋಟೊ ಸಮೇತ ಹರಡಿಕೊಂಡಿರುತ್ತದೆ. ಅದನ್ನು ಓದುವ ಗಂಡಸರ ಮನಸ್ಸು ಕದಡುವುದಿಲ್ಲವೋ? ಪೇಪರಿನವರು ಯಾವ ಮಚ್ಚು ಅಂತ ಬರೆಯುತ್ತಾರೆ. ಈ ಲೇಖಕಿ, ಪಕ್ಕದ ಕೋಣೆಯಲ್ಲಿ ಕೂತು ಸದ್ದು ಕೇಳಿಸಿಕೊಂಡೂ ಸುಮ್ಮನಿದ್ದವರು ಯಾರು ಅಂತ ಕೇಳುತ್ತಾಳೆ. ಬೀಗ ಬಿದ್ದದ್ದು ಅವಳಿಗೆ.

ನೀವು ಕಿತ್ತುಕೊಂಡ ಕಾದಂಬರಿಯಲ್ಲಿ ಒಬ್ಬ ಮುದುಕಿ, ದೇವರ ಹೆಸರು ಹೇಳಿಕೊಂಡು, ಬಸುರಿ ಮಗಳನ್ನು ಹಿಮ ಸುರಿಯುವಾಗ ಮನೆಯಾಚೆ ಹಾಕುತ್ತಾಳೆ. ಇನ್ನೂರ ಹನ್ನೆರಡನೇ ಪುಟದಲ್ಲಿ ಯಾರೋ ಬಾಗಿಲು ಬಡಿಯುತ್ತಾರೆ. ನಾನು ಅಷ್ಟು ಹೇಳಿದ ಶುಕ್ರವಾರ ಕೊಲ್ಲಾಪುರಮ್ಮ ಮಡಿಲಲ್ಲಿದ್ದ ಸೀರೆ ಗಂಟನ್ನು ಕೆಳಗಿಟ್ಟರು. ಆಮೇಲೆ ಅಂದರು: "ನನ್ನ ಚೊಚ್ಚಲ ಕೂಸು ಹಟ್ಟಿಯಾಚೆ ಗುಡ್ಲಾಗೇ ಹೋತು ಕಣಮ್ಮ. ಬಾಣಂತೀನ ಒಳೀಕೆ ಸೇರ್ಸಂಗಿಲ್ಲ ಅಂದ್ರು. ಜಡಿಮಳೆ. ನಮ್ಮತ್ತೆ ಬಾಗ್ಲು ತೆಗೀನಿಲ್ಲ. ನಲವತ್ತೊರ್ಸ ಆತು, ಯಾರ ಕೂಡೂ ಆಡಿರ್ನಿಲ್ಲ."

ಈಗ ಅತ್ತೆ ಅವರೇ. ಚಿತ್ರಾಗೆ ತಿಂಗಳು ತುಂಬಿತ್ತು. ಬಾಣಂತಿಗೆ ಹಟ್ಟಿಯಾಚೆ ಗುಡ್ಲು ಸಿದ್ಧ ಮಾಡಿಸು ಎಂದು ಹಟ್ಟಿಯ ಹಿರಿಯರು ಎರಡು ಸಲ ಬಂದು ಹೇಳಿಹೋಗಿದ್ದರಂತೆ.

ಮುಂದಿನ ಶುಕ್ರವಾರ ಬರುತ್ತಲೇ, ಆ ಮುದುಕಿ ಏನು ಮಾಡಿದಳು ಎಂದು ಕೇಳಿದರು. ಪುಸ್ತಕ ನಿಮ್ಮ ಬೀರುವಿನಲ್ಲಿತ್ತು. ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ, ನಾನೇ ಒಂದು ಕೊನೆ ಕಟ್ಟಿದೆ: ಬಾಗಿಲು ತೆಗೆದಳು, ಮಗಳನ್ನು ತಬ್ಬಿಕೊಂಡು ಅತ್ತಳು, ಒಲೆ ಮುಂದೆ ಕೂರಿಸಿ ಬಿಸಿ ಮುದ್ದೆ, ಬಸ್ಸಾರು ಇಕ್ಕಿದಳು.

ಅಜ್ಜಿ ನನ್ನ ಮುಖವನ್ನೇ ನೋಡಿದರು. "ಅಮೆರಿಕದಾಗೆ ಮುದ್ದೆ ಎಲ್ಲಿಂದ ತಂದ್ಲವ್ವ? ಇದು ನೀನು ಕಟ್ಟಿದ್ದು. ಆಯಮ್ಮ ಏನು ಬರ್ದವ್ಳೆ, ಅದು ಹೇಳು."

ನಮ್ಮ ಅತ್ತೆ ನಕ್ಕ ರಭಸಕ್ಕೆ ಸೂಜಿ ಬೆರಳಿಗೆ ಚುಚ್ಚಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ಸಿಹಿ ಮಾತು ಬೇಡ, ನಿಜ ಬೇಕು ಎಂದು ಗೊತ್ತಿದೆ ಸ್ವಾಮಿ. ಪುಸ್ತಕಗಳ ನಡುವೆಯೇ ಸಂಬಳ ಎಣಿಸುವ ನಿಮಗೆ ಯಾಕೆ ಗೊತ್ತಿಲ್ಲ? ಅದರ ಮುಂದಿನ ವಾರವೂ ಬಂದು ಕೇಳಿದರು. ನಿಮ್ಮ ಬೀಗದ ವಿಷಯ ಹೇಳಿದೆ. ಸೀರೆ ಗಂಟು ಎತ್ತಿಕೊಂಡು ಮೊದಲನೇ ಬಸ್ಸಿಗೇ ಹೋದರು. ನನಗೆ ಅಳು ಬಂತು.

ಇವತ್ತು ಅವರು ಬರಲಿಲ್ಲ. ಸೀರೆ ತಂದವನು ಮಗ ರಂಗಸ್ವಾಮಿ. ಚಿತ್ರಾಗೆ ಆಸ್ಪತ್ರೆಯಲ್ಲಿ ಹೆಣ್ಣುಮಗುವಾಗಿದೆ. ಹಟ್ಟಿಗೆ ಬಂದಾಗ ಹಿರಿಯರು ಅಡ್ಡ ನಿಂತರಂತೆ. ಅಜ್ಜಿ ಒಳಗಿನಿಂದ ಬಾಗಿಲು ತೆಗೆದು, ಕೂಸನ್ನು ಈಸಿಕೊಂಡು, ಸೊಸೆಯನ್ನು ನಡುಮನೆಯಲ್ಲೇ ಮಲಗಿಸಿದ್ದಾರೆ. ಹಿರಿಯರು ಮಾತು ಬಿಟ್ಟಿದ್ದಾರೆ. ಸದ್ಯ, ಕಿವಿಗೆ ನೆಮ್ಮದಿ ಎಂದರಂತೆ ಅಜ್ಜಿ.

ಆದ್ದರಿಂದ ನಿಮ್ಮ ಚೀಟಿ ಸುಳ್ಳು ಎಂದು ನಾನು ವಾದಿಸುವುದಿಲ್ಲ. ಮಹಿಳೆಯೊಬ್ಬಳ ಮನಸ್ಸು ಕದಡಿದೆ. ಬೀರುವಿನಲ್ಲಿ ಅದಲ್ಲದೆ ಇನ್ನೂ ಹತ್ತು ಇವೆ, ಎಲ್ಲವನ್ನೂ ಹೊರಗೆ ತೆಗೆಯಿರಿ. ಮುಂದಿನ ಶುಕ್ರವಾರ ಅಜ್ಜಿ ಬರುತ್ತಾರೆ. ಮಗನ ಕೈಲಿ ಹೇಳಿ ಕಳಿಸಿದ್ದು ಇಷ್ಟೇ: "ನಾನಂತೂ ತೆಗೆದೆ. ಆ ಮುದುಕಿ ತೆಗೆದ್ಲಾ ಇಲ್ವಾ, ಕೇಳಿ ಮಡಗಿರು."

ಇಂತಿ,
ಹದಿನಾಲ್ಕನೇ ದಿನಕ್ಕೇ ಪುಸ್ತಕ ತಂದುಕೊಟ್ಟ ದಡ್ಡಿ,
ಉಮ್ಮೆ ಹಾನಿ, ಟೈಲರ್, ಮಧುಗಿರಿ