ಸಿಳ್ಳೆ ಬರುವ ತನಕ

ಅಕ್ಕಾ,

ಇವತ್ತು ನಿನ್ನ ಮಗಳನ್ನು ಉಬ್ಬಸದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಗ್ಯಾಸಿನ ಇನ್ಹೇಲರನ್ನೂ ಪುಡಿಯದ್ದನ್ನೂ ಮೇಜಿನ ಮೇಲಿಟ್ಟರು.

“ಆ ಗ್ಯಾಸಿಂದ ಭೂಮಿ ಬಿಸಿ ಆಗತ್ತೆ. ನಂಗೆ ಅಮ್ಮನ ಥರ ಪುಡಿಯದ್ದೇ ಬೇಕು,” ಎಂದಳು. ಹಟದಲ್ಲಿ ನಿನ್ನದೇ ಪಡಿಯಚ್ಚು.

“ಗ್ಯಾಸಿನದ್ದು ಒತ್ತಿದ್ರೆ ತಾನೇ ಒಳಗೆ ಬರತ್ತೆ, ಪುಡಿ ಒಳಗೆ ಹೋಗ್ಬೇಕಾದ್ರೆ ಜೋರಾಗಿ ಎಳೀಬೇಕು ಪುಟ್ಟಿ. ಸಿಳ್ಳೆ ಬಂದ್ರೆ ಕೊಡ್ತೀನಿ,” ಎಂದು ಡಾಕ್ಟರು, ಸಾಕಷ್ಟು ಜೋರಾಗಿ ಉಸಿರೆಳೆದರೆ ಮಾತ್ರ ಸಿಳ್ಳೆ ಹಾಕುವ ಪರೀಕ್ಷೆಯ ಕೊಳವೆ ಕೊಟ್ಟರು.

ಎಳೆದಳು, ಬರಲಿಲ್ಲ. ಮತ್ತೆ ಎಳೆದಳು, ಕತ್ತಿನ ನರ ಉಬ್ಬಿತು. ಆಮೇಲೆ ಸಿಳ್ಳೆ ಬಂತು.

“ಕೇಳಿಸ್ತಾ ಚಿಕ್ಕಮ್ಮಾ?” ಎಂದು ಕುಣಿದಳು.

ಪುಡಿಯದ್ದನ್ನೇ ಕೊಡಿಸಿದೆ. ಅವಳಿಗೆ ಗೊತ್ತಾಗದಂತೆ ಗ್ಯಾಸಿನದ್ದೊಂದನ್ನೂ ಕೇಳಿ ತಂದೆ. ಬೈಯಬೇಡ. ನೀನು ಪುಡಿ ಎಳೆಯಲಾರದೆ ಒದ್ದಾಡಿದ ದಿನ, ನಿನ್ನ ಬ್ಯಾಗು ಬೋರಲು ಹಾಕಿ ನಾನು ಹುಡುಕಿದ್ದು ಗ್ಯಾಸಿನದ್ದನ್ನೇ; ಅದರಲ್ಲಿ ಇರಲಿಲ್ಲ.