ಗಂಟು ಹಾಕದ ಡಬ್ಬಿ

ಶಿರಗುಪ್ಪಿ
೧೪ ಆಗಸ್ಟ್ ೨೦೨೪, ಬುಧವಾರ

ಮಗಳ ಅಪೂರ್ವಾ, ಜಯ ಜಿನೇಂದ್ರ.

ನಿಪ್ಪಾಣ್ಯಾಗ ಆರಾಮ ಅದೀಯಿಲ್ಲ? ನಿಮ್ಮವ್ವನ ಮೊಣಕಾಲ ಬ್ಯಾನಿ ಹ್ಯಾಂಗೈತಿ? ಬ್ರಾಹ್ಮಿಗೆ ನೆಗಡಿ ಇತ್ತಲ್ಲ, ಹೋತೋ ಇಲ್ಲೋ? ಅಕಿ ಅಜ್ಜಿನ್ನ ನೆನಸ್ತಾಳೇನು, ಖರೆ ಹೇಳು. ನೀ ತವರಿಗೆ ಹೋಗಿ ಹನ್ನೊಂದು ದಿನಾತು, ನನ್ನ ಫೋನ್ ಎತ್ತವಲ್ಲಿ. ಅದಕ್ಕ ಕಾಗದ ಬರಿಯಾಕ ಕುಂತೇನಿ. ಧರೆಪ್ಪ ಟೆಂಪೋ ತಗೊಂಡು ನಿಮ್ಮ ಕಡೆ ಹೊಂಟಾನ, ಅವನ ಕೈಯಾಗ ಕಳಸತೇನಿ. ಸಾಲು ಡೊಂಕಾಗಿದ್ರ, ಅಕ್ಷರ ಒಂದರ ಮ್ಯಾಲೊಂದು ಬಿದ್ದಿದ್ರ ನಗಬ್ಯಾಡ, ಪೆನ್ನು ಸುಮಾರ ಐತಿ.

ಇಲ್ಲಿ ಎಲ್ಲಾ ಚೊಲೋ ಐತಿ ಅಂತ ಬರದ್ರ ಸುಳ್ಳಾಗತೈತಿ. ನಿತಿನ ಫ್ಯಾಕ್ಟರಿಯಿಂದ ಹೊತ್ತು ಮುಳಗೂದರೊಳಗ ಬಂದು ತಾಟಿನ ಮುಂದ ಕುಂಡ್ರತಾನ, ಎರಡ ತುತ್ತಿಗೆ ಏಳತಾನ. ಹೆತ್ತ ತಾಯಿ ಕೂಡ ಮಾತಿಲ್ಲ. ಸಾಮಾನಿನ ಖೋಲಿದಂತೂ ಕೇಳಬ್ಯಾಡ. ಬ್ಯಾಸಿಗ್ಯಾಗ ನೀ ನನ್ನ ಹಿತ್ತಾಳಿ ಡಬ್ಬಿ ಎಲ್ಲಾ ಅಟ್ಟಕ್ಕ ಏರಿಸಿ, ಮೂವತ್ತಾರು ಪ್ಲಾಸ್ಟಿಕ್ ಡಬ್ಬಿ ತಂದು, ಒಂದೊಂದಕ್ಕೂ ಹೆಸರು, ತಾರೀಖು ಬರೆದ ಚೀಟಿ ಹಚ್ಚಿ ಸಾಲಾಗಿ ಇಟ್ಟಿದ್ದಿ. ಎಲ್ಲಾ ಒಂದ ನಮೂನಿ, ಒಂದ ಎತ್ತರ. ಓಣಿ ಮಂದಿ ನೋಡಿ ಭೇಷ್ ಅಂದ್ರು, ನಾ ಒಬ್ಬಾಕಿ ಗೊಣಗಿದೆ. ಹಳೇವು ನನ್ನ ಕೈಗೆ ರೂಢಿ ಇದ್ದುವು. ಸೊಟ್ಟಾಗಿದ್ದು ತೊಗರಿಬ್ಯಾಳಿದು, ಕಿವಿ ಮುರಿದಿದ್ದು ಸಕ್ಕರಿದು. ಈಗ ಒಂದ ಮುಷ್ಟಿ ರವಾ ಸಲುವಾಗಿ ಒಂಬತ್ತ ಮುಚ್ಚಳ ತಗೀತೇನಿ, ತಿರುಗಿ ಹಾಕೂದು ಮರೀತೇನಿ. ಮಳಿ ಹಸಿ ಹೊಕ್ಕು ಪುಟಾಣಿ ಮೆತ್ತಗಾಗ್ಯಾವ. ಮಳಿಗಾಲದಾಗ ಬೀಸಿದ ಹಿಟ್ಟು ಮೂರ ದಿನದ ಮ್ಯಾಲ ನಮ್ಮ ಮಂದಿಗೆ ನಡಿಯಂಗಿಲ್ಲ, ಯಾವುದು ಎಂದಿಂದೋ ತಿಳೀವಲ್ದು. ಎರಡ ಸಲ ಡಬ್ಬಿಗಟ್ಟಲೆ ಹಿಟ್ಟು ಎಮ್ಮಿಗೆ ಸುರುವಿದೆ.

ಈಗ ಆ ದಿನದ್ದು ಬರೀಬೇಕು. ಚಾತುರ್ಮಾಸಕ್ಕ ಊರಾಗ ನಿಂತ ಮುನಿ ಮಹಾರಾಜರು ಹಿಂದಿನ ದಿನ ಉಪವಾಸ ಇದ್ದು ನಮ್ಮ ಮನೀಗೆ ಆಹಾರಕ್ಕ ಬಂದಿದ್ರು. ನಾಕನೇ ತುತ್ತಿಗೆ, ಅವರ ಅಂಗೈಯಾಗ, ಹೆಸರಬ್ಯಾಳಿ ಒಳಗ ಸತ್ತ ನುಸಿ. ಅಂತರಾಯ ಆತು. ಕೈ ಬಿಟ್ಟು ಕುಂತುಬಿಟ್ರು, ಮರುದಿನದ ತನಕ ಹನಿ ನೀರೂ ಇಲ್ಲ. ಎಪ್ಪತ್ತೆಂಟು ವರ್ಷದ ಜೀವ ಅದು. ಬ್ಯಾಳಿ ಯಾರು ಆರಿಸಿದ್ರು ಅಂತ ಮಂದಿ ಕೇಳಿದಾಗ ನಾ ಡಬ್ಬಿ ತಂದು ಮುಂದ ಇಟ್ಟೆ. ನಿನ್ನ ಚೀಟಿ ಮ್ಯಾಲ 'ಆರಿಸಿದ್ದು' ಅಂತ ಇದ್ದದ್ದನ್ನ ಅವರ ಓದಿದ್ರು. "ಡಬ್ಬಿ ಶೃಂಗಾರ ಮಾಡಾಕ ಬರತೈತಿ, ಕಾಳ ನೋಡಾಕ ಬರಂಗಿಲ್ಲ ಇಕಿಗೆ" ಅಂದೆ. ಎಲ್ಲಾರ ಮುಂದ ಅಂದೆ. ನೀ ಬ್ರಾಹ್ಮಿನ್ನ ಎತ್ಕೊಂಡು ಬಸ್ ಹತ್ತಿದಿ. ನಾ ಹಂಗ ಅನಬಾರದಿತ್ತು. ತಪ್ಪಾತವ್ವಾ.

ಬರು ರವಿವಾರ ಮತ್ತ ನಮ್ಮ ಪಾಳಿ. ಇನ್ನೊಮ್ಮೆ ಹಂಗಾದ್ರ ಆ ಜೀವದ ಗತಿ ಏನು? ಆಹಾರಕ್ಕ ಒಲ್ಲೆ ಅನ್ನಾಕ ಬಾಯಿ ಬರವಲ್ದು, ಹೂಂ ಅನ್ನಾಕ ಧೈರ್ಯ ಇಲ್ಲ. ಒಬ್ಬಾಕಿ ನನ್ನಿಂದ ಆಗಂಗಿಲ್ಲ. ಅತ್ತಿ ಸೊಸಿಗೆ ಕೈ ಮುಗಿಬಾರದು ಅಂತಾರ, ಅನ್ನಲಿ, ನಾ ಮುಗಿತೇನಿ. ಶುಕ್ರವಾರ ಬಂದುಬಿಡು. ಶನಿವಾರ ದಿನಪೂರ್ತಿ ಕಾಳುಕಡಿ ನೋಡಾಕ ಸಿಗತೈತಿ.

ನಿಮ್ಮವ್ವ, ಅಪ್ಪಗ ನನ್ನ ನಮಸ್ಕಾರ. ಬ್ರಾಹ್ಮಿ ಎರಡೂ ಗಲ್ಲಕ್ಕ ಒಂದೊಂದು ಮುದ್ದು ಕೊಡು. ತಾಯಿ ಮಗಳು ತಣ್ಣಗಿರ್ರಿ.

ನಿನ್ನ ಅತ್ತಿ,
ಮಂಗಲ

ತಾ.ಕ.: ಧರೆಪ್ಪ ಹೊರಗ ಹಾರನ್ ಹೊಡಿಯಾಕತ್ತಾನ, ಹೊಡಕೊಳ್ಳಲಿ. ಮ್ಯಾಲ ಇಷ್ಟ ಬರದ್ರೂ ಖರೆ ಮಾತು ಬರಿಯಾಕ ಆಗಿಲ್ಲ. ಪೆನ್ನು ಚೊಲೋ ಐತಿ, ನನ್ನ ಕಣ್ಣು ಹೋಗ್ಯಾವ. ವರ್ಷಾತು, ನಟ್ಟನಡಕ ಹೊಗಿ ತುಂಬಿದಂಗ ಐತಿ, ಅಂಚಿಗೆ ಅಷ್ಟ ಕಾಣತೈತಿ. ಆ ಮುಂಜಾನೆ ನಿನ್ನ ಡಬ್ಬ್ಯಾಗ ಬ್ಯಾಳಿ ಕಡಿಮಿ ಅನಿಸಿ, ಚೀಲದಾಗಿಂದು ನಾನ ಆರಿಸಿ ಅದರಾಗ ಸುರುವಿದ್ದೆ. ಬೆರಳಿಗೆ ನುಸಿ ಹತ್ತಲಿಲ್ಲ. ಗೊತ್ತಿದ್ದೂ ನಿನ್ನ ಮ್ಯಾಲ ಹಾಕಿದೆ. ಕಣ್ಣಿಲ್ಲದಾಕಿನ್ನ ಆಹಾರದ ಒಲಿ ಹತ್ರ ಯಾರು ಬಿಡತಾರ? ನಲವತ್ತು ವರ್ಷ ಈ ಕೈಲೇ ಸೇವಾ ಮಾಡೇನಿ, ಅದು ಹೋದೀತು ಅಂತ ಅಂಜಿ ನಿನ್ನ ಹೆಸರ ಕೆಡಿಸಿದೆ. ನಿತಿನಗೂ ಇನ್ನೂ ಹೇಳಿಲ್ಲ. ನೀ ಬಂದ್ರೂ ಬರದಿದ್ರೂ ರವಿವಾರ ಬಸ್ತ್ಯಾಗ ಎಲ್ಲಾರ ಮುಂದ ನಾನ ಹೇಳತೇನಿ. ಅಟ್ಟದ ಮ್ಯಾಲಿನ ಹಿತ್ತಾಳಿ ಡಬ್ಬಿ ಇಳಿಸಿಲ್ಲ. ನಿನ್ನವನ್ನ ತಗದು, ಮೂಸಿ, ಕಾಳ ಬಾಯಾಗ ಹಾಕಿ ನೋಡಿ, ಒಂದೊಂದರ ಕೊಳ್ಳಿಗೆ ದಾರ ಕಟ್ಟೇನಿ. ತೊಗರಿಗೆ ಒಂದ ಗಂಟು, ಕಡ್ಲಿಗೆ ಎರಡು, ಹಿಂಗ. ಚೀಟಿ ನಿನಗ, ಗಂಟು ನನಗ. ಹೆಸರಬ್ಯಾಳಿ ಡಬ್ಬಿಗೆ ಮಾತ್ರ ಗಂಟು ಹಾಕಿಲ್ಲ. ಅದನ್ನ ತೊಳೆದು, ಒರೆಸಿ, ಖಾಲಿ ಇಟ್ಟೇನಿ. ನೀ ಬಂದು ತುಂಬು.